ಅಲ್ಬೇನಿಯಾ: ಮತ್ತೆ ಮತ್ತೆ ಹೋಗಿ ಬಂದವಳಿಗೆ ಎಲ್ಲರೂ ಕೇಳುವ ಪ್ರಶ್ನೆಗಳು

ಅಲ್ಬೇನಿಯಾಕ್ಕೆ ನಾನು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಕಾಲಗಳಲ್ಲಿ ಹೋಗಿ ಬಂದಿದ್ದೇನೆ. ಪ್ರತಿ ಸಲ ವಾಪಸ್ ಬಂದಾಗಲೂ ಸ್ನೇಹಿತರು, ನೆಂಟರು, ಆಫೀಸಿನವರು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕಾಯಿತು, ಕೆಲವಕ್ಕೆ ಜಾಸ್ತಿಯೇ ಬೇಕಾಯಿತು.

ಅಲ್ಬೇನಿಯಾ ಇರುವುದು ಎಲ್ಲಿ?

ಯುರೋಪಿನ ಆಗ್ನೇಯ ಮೂಲೆಯಲ್ಲಿ. ದಕ್ಷಿಣಕ್ಕೆ ಗ್ರೀಸ್, ಪೂರ್ವಕ್ಕೆ ಉತ್ತರ ಮ್ಯಾಸಿಡೋನಿಯಾ, ಈಶಾನ್ಯಕ್ಕೆ ಕೊಸೊವೊ, ಉತ್ತರಕ್ಕೆ ಮಾಂಟೆನೆಗ್ರೊ. ಪಶ್ಚಿಮದಲ್ಲಿ ಸಮುದ್ರ, ಅದರಾಚೆ ಇಟಲಿ. ವಿಸ್ತೀರ್ಣ 28,748 ಚದರ ಕಿಲೋಮೀಟರ್. ಕರ್ನಾಟಕದೊಳಗೆ ಇಂಥ ಆರು ದೇಶ ಹಿಡಿಸುತ್ತವೆ. ಬಹುಪಾಲು ಗುಡ್ಡ, ಬೆಟ್ಟ. ರಾಜಧಾನಿ ತಿರಾನಾ.

ಯುರೋಪಿನಲ್ಲಿ ಅಷ್ಟೊಂದು ದೇಶ ಇರುವಾಗ ಮತ್ತೆ ಮತ್ತೆ ಅಲ್ಲಿಗೇ ಯಾಕೆ?

ಮೊದಲ ಸಲ ಹೋದದ್ದು ಬೆಟ್ಟ, ಸಮುದ್ರ ನೋಡೋಕೆ. ಮತ್ತೆ ಹೋದದ್ದು ಜನಕ್ಕಾಗಿ.

ಸುಮಾರು 45 ವರ್ಷ ಆ ದೇಶದ ಗಡಿ ಮುಚ್ಚಿತ್ತು. ಹೊರಗಿನವರ ಜೊತೆ ಮಾತಾಡಿದರೂ ಪೊಲೀಸರು ವಿಚಾರಿಸುತ್ತಿದ್ದ ಕಾಲ ಅದು. ಆ ಕಾಲದಲ್ಲಿ ಬೆಳೆದ ಅಜ್ಜಿ ತಾತಂದಿರೇ ಇವತ್ತು ದಾರಿಯಲ್ಲಿ ಹೋಗುವ ಅಪರಿಚಿತಳನ್ನು ಕರೆದು ಕೂರಿಸುತ್ತಾರೆ, ಕಾಫಿ ಕೊಡುತ್ತಾರೆ, ಮರದಿಂದ ಅಂಜೂರ ಕಿತ್ತು ಕೈಗೆ ಹಾಕುತ್ತಾರೆ. ಇಷ್ಟೆಲ್ಲ ಆದ ಮೇಲೂ ಈ ನಂಬಿಕೆ ಹೇಗೆ ಉಳಿಯಿತು ಅನ್ನುವುದು ನನ್ನನ್ನು ಬಿಡದ ಪ್ರಶ್ನೆ. ಮುಂದಿನ ಉತ್ತರಗಳಲ್ಲೂ ಅದೇ ಬರುತ್ತಾ ಇರುತ್ತದೆ.

ಆ ಮುಚ್ಚಿದ ಕಾಲದಲ್ಲಿ ಏನಾಯಿತು? ಜನ ಅದರ ಬಗ್ಗೆ ಮಾತಾಡುತ್ತಾರಾ?

ಮಾತಾಡುತ್ತಾರೆ, ಆದರೆ ತಕ್ಷಣ ಅಲ್ಲ. ಎರಡನೇ ಮೂರನೇ ಕಾಫಿ ಆಗಬೇಕು. ಮೊದಲ ಭೇಟಿಯಲ್ಲೇ ಕೇಳಬೇಡಿ.

1944ರ ಕೊನೆಯಲ್ಲಿ ಎನ್ವರ್ ಹೋಜಾ ನಾಯಕತ್ವದ ಕಮ್ಯುನಿಸ್ಟರು ಅಧಿಕಾರ ಹಿಡಿದರು. 1985ರಲ್ಲಿ ಸಾಯುವ ತನಕ ಹೋಜಾ ಕುರ್ಚಿ ಬಿಡಲಿಲ್ಲ. ಮೊದಲು ಯುಗೊಸ್ಲಾವಿಯಾ ಸ್ನೇಹಿತ ದೇಶವಾಗಿತ್ತು. 1948ರಲ್ಲಿ ಆ ಸ್ನೇಹ ಮುರಿಯಿತು. ಆಮೇಲೆ ಸೋವಿಯತ್ ಒಕ್ಕೂಟ, 1961ರಲ್ಲಿ ಅದೂ ಮುರಿಯಿತು. ಆಮೇಲೆ ಚೀನಾ, 1978ರಲ್ಲಿ ಅದೂ ಹೋಯಿತು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಒಂಟಿ. ಸ್ವಂತಕ್ಕೆ ಕಾರು ಇಟ್ಟುಕೊಳ್ಳುವಂತಿರಲಿಲ್ಲ. ಗಡಿ ದಾಟಲು ಹೋಗಿ ಸಿಕ್ಕಿಬಿದ್ದರೆ ಅದು ದೇಶದ್ರೋಹ. ಒಬ್ಬ ತಪ್ಪು ಮಾಡಿದ ಅಂತ ತೀರ್ಮಾನವಾದರೆ ಇಡೀ ಮನೆಯವರನ್ನು ದೂರದ ಹಳ್ಳಿಗೆ ಅಟ್ಟುತ್ತಿದ್ದರು. ಮಕ್ಕಳಿಗೆ ಕಾಲೇಜು ಸಿಗುತ್ತಿರಲಿಲ್ಲ. ಸ್ಪಾಚ್ ಎಂಬ ಜಾಗದಲ್ಲಿ ರಾಜಕೀಯ ಕೈದಿಗಳಿಂದ ಗಣಿ ಕೆಲಸ ಮಾಡಿಸುತ್ತಿದ್ದರು. 1973ರಲ್ಲಿ ಅಲ್ಲಿನ ಕೈದಿಗಳು ದಂಗೆ ಎದ್ದಾಗ ಕೆಲವರನ್ನು ಗುಂಡಿಟ್ಟು ಕೊಂದರು.

ತಿರಾನಾದಲ್ಲಿ 'ಎಲೆಗಳ ಮನೆ' ಅನ್ನುವ ಮ್ಯೂಸಿಯಂ ಇದೆ, 2017ರಲ್ಲಿ ತೆರೆದದ್ದು. ಗುಪ್ತ ಪೊಲೀಸರಾದ ಸಿಗುರಿಮಿಯವರು ಜನರ ಮಾತು ಕದ್ದು ಕೇಳುತ್ತಿದ್ದ ಕಟ್ಟಡವೇ ಅದು. ಮನೆಯ ಸಾಮಾನುಗಳಲ್ಲಿ ಬಚ್ಚಿಟ್ಟ ಪುಟ್ಟ ಪುಟ್ಟ ಮೈಕ್‌ಗಳನ್ನು ಅಲ್ಲಿ ಇಟ್ಟಿದ್ದಾರೆ. ತಿರಾನಾದಲ್ಲಿ ಒಂದೇ ಒಂದು ಕಡೆ ಹೋಗಲು ಸಮಯ ಇದ್ದರೆ ಇಲ್ಲಿಗೆ ಹೋಗಿ.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಅರ್ಧವಾಗುತ್ತದೆ. ಅದೇ ಕಾಲದಲ್ಲಿ ಓದು ಬರಹ ಹಳ್ಳಿ ಹಳ್ಳಿಗೂ ಹೋಯಿತು. ಮಲೇರಿಯಾ ಹರಡುತ್ತಿದ್ದ ಜೌಗು ನೆಲವನ್ನು ಒಣಗಿಸಿದರು. 1970ರ ಹೊತ್ತಿಗೆ ಎಲ್ಲ ಹಳ್ಳಿಗಳಿಗೂ ಕರೆಂಟ್ ಬಂತು. ಹೆಣ್ಣುಮಕ್ಕಳು ಎಂಜಿನಿಯರ್, ಡಾಕ್ಟರ್ ಆದರು. ಹಾಗಾಗಿ ಒಂದೇ ಮನೆಯಲ್ಲಿ ಒಬ್ಬರು 'ಆಗ ಕೆಲಸ ಇತ್ತು, ಕಳ್ಳತನ ಇರಲಿಲ್ಲ' ಅನ್ನುತ್ತಾರೆ, ಇನ್ನೊಬ್ಬರು ಎದ್ದು ಹೊರಗೆ ಹೋಗುತ್ತಾರೆ. ನನ್ನ ಮಟ್ಟಿಗೆ ಕರೆಂಟು, ಶಾಲೆಗಳ ಲೆಕ್ಕ ಕೊಟ್ಟು ಜೈಲುಗಳ ಲೆಕ್ಕ ತೀರಿಸಲು ಆಗುವುದಿಲ್ಲ. ಆದರೆ ನೆನಪು ಅವರದು. ಕೇಳಿಸಿಕೊಳ್ಳುವುದಷ್ಟೇ ನಮ್ಮ ಕೆಲಸ.

ಎಲ್ಲೆಲ್ಲೂ ಬಂಕರ್ ಇವೆಯಂತೆ, ನಿಜವಾ?

ನಿಜ. ಎಲ್ಲರೂ ದಾಳಿ ಮಾಡುತ್ತಾರೆ ಅನ್ನುವ ಭಯದಲ್ಲಿ 1970ರ ದಶಕದಿಂದ ದೇಶದ ತುಂಬ ಕಾಂಕ್ರೀಟ್ ಬಂಕರ್ ಕಟ್ಟಿಸಿದರು. ಒಟ್ಟು 1,70,000ಕ್ಕೂ ಹೆಚ್ಚು. ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿ, ಸಮುದ್ರದ ದಡದಲ್ಲಿ, ಸ್ಮಶಾನದಲ್ಲೂ ಕವುಚಿಟ್ಟ ಬೋಗುಣಿಯ ಹಾಗೆ ಕೂತಿರುತ್ತವೆ. ಆ ಯುದ್ಧ ಬರಲೇ ಇಲ್ಲ. ಈಗ ಕೆಲವು ದನದ ಕೊಟ್ಟಿಗೆ, ಕೆಲವು ಉಗ್ರಾಣ, ಎಷ್ಟನ್ನೋ ಒಡೆದು ಕಬ್ಬಿಣ ಮಾರಿಕೊಂಡಿದ್ದಾರೆ. ತಿರಾನಾದ ಎರಡು ದೊಡ್ಡ ನೆಲಮಾಳಿಗೆ ಬಂಕರ್‌ಗಳು ಈಗ 'ಬಂಕ್‌ಆರ್ಟ್' ಹೆಸರಿನ ಮ್ಯೂಸಿಯಂ.

ಪ್ರವಾಸಿಗರು ಬಂಕರ್ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಅದು ಮನಸ್ಸಿಗೆ ಹಿಡಿಸುವುದಿಲ್ಲ. ಜನಕ್ಕೆ ಮನೆ ಸಾಲದೆ ಇದ್ದಾಗ, ಹಾಲಿಗೆ ಬೆಳಗಿನ ಜಾವವೇ ಸಾಲು ನಿಲ್ಲಬೇಕಿದ್ದಾಗ ಸುರಿದ ಸಿಮೆಂಟು ಅದು.

ಅಲ್ಲಿ ಯಾವ ಧರ್ಮದವರು ಜಾಸ್ತಿ?

ಮುಸ್ಲಿಮರು ಹೆಚ್ಚು. ಆರ್ಥೊಡಾಕ್ಸ್ ಮತ್ತು ಕ್ಯಾಥೊಲಿಕ್ ಕ್ರೈಸ್ತರೂ ಇದ್ದಾರೆ. ಬೆಕ್ತಾಶಿ ಅನ್ನುವ ಸೂಫಿ ಪಂಥದ ವಿಶ್ವ ಕೇಂದ್ರ ತಿರಾನಾದಲ್ಲೇ ಇದೆ. ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ತೊಮೊರ್ ಬೆಟ್ಟಕ್ಕೆ ಬೆಕ್ತಾಶಿಗಳ ಜೊತೆ ಬೇರೆಯವರೂ ಹತ್ತಿ ಹೋಗುತ್ತಾರೆ.

1967ರಲ್ಲಿ ಸರ್ಕಾರ ಎಲ್ಲ ಧರ್ಮವನ್ನೂ ನಿಷೇಧಿಸಿತು. ಮಸೀದಿ, ಚರ್ಚುಗಳನ್ನು ಕೆಡವಿದರು, ಇಲ್ಲವೇ ಗೋದಾಮು, ಸಿನಿಮಾ ಹಾಲ್ ಮಾಡಿದರು. ಶ್ಕೋಡರ್‌ನ ದೊಡ್ಡ ಕ್ಯಾಥೊಲಿಕ್ ಚರ್ಚು ಒಳಾಂಗಣ ಕ್ರೀಡಾಂಗಣವಾಯಿತು. ಅಜ್ಜಿಯಂದಿರು ಬಾಗಿಲು ಹಾಕಿಕೊಂಡು ಈಸ್ಟರ್ ಮೊಟ್ಟೆಗೆ ಬಣ್ಣ ಹಚ್ಚಿ, ಸಿಪ್ಪೆಯನ್ನು ಮಣ್ಣಲ್ಲಿ ಹೂತಿಡುತ್ತಿದ್ದರಂತೆ. 1990ರ ನವೆಂಬರ್‌ನಲ್ಲಿ ಶ್ಕೋಡರ್‌ನ ಸ್ಮಶಾನದಲ್ಲಿ ಬಹಿರಂಗ ಪ್ರಾರ್ಥನೆ ನಡೆಯಿತು. 1991ರ ಜನವರಿಯಲ್ಲಿ ತಿರಾನಾದ ಎತೆಮ್ ಬೇ ಮಸೀದಿಗೆ ಜನ ನುಗ್ಗಿದರು. ಅಂದು ಬಾಗಿಲು ತೆರೆದವರಲ್ಲಿ ಬೇರೆ ಧರ್ಮದವರೂ ಇದ್ದರು ಎಂದು ಅಲ್ಲಿನವರು ಅಭಿಮಾನದಿಂದ ಹೇಳುತ್ತಾರೆ.

ಈಗ ಒಂದೇ ಮನೆಯಲ್ಲಿ ಈದ್ ಹಬ್ಬವೂ ಈಸ್ಟರೂ ನಡೆಯುವುದನ್ನು ನಾನು ನೋಡಿದ್ದೇನೆ. ಅಂತರ್ಧರ್ಮ ಮದುವೆಗೆ ಯಾರೂ ಹುಬ್ಬೇರಿಸುವುದಿಲ್ಲ.

ಮದರ್ ತೆರೆಸಾ ಅಲ್ಲಿಯವರಾ?

ಅಲ್ಬೇನಿಯನ್ ಮನೆತನದವರು. ಹುಟ್ಟಿದ್ದು 1910ರಲ್ಲಿ ಸ್ಕೋಪ್ಯೆ ನಗರದಲ್ಲಿ, ಅದು ಇಂದಿನ ಉತ್ತರ ಮ್ಯಾಸಿಡೋನಿಯಾದ ರಾಜಧಾನಿ. ನಾವು ಭಾರತದವರು ಅಂತ ಗೊತ್ತಾದ ಕೂಡಲೇ ಅಲ್ಲಿನವರು ಮೊದಲು ಹೇಳುವ ಹೆಸರು ಇವರದೇ. ತಿರಾನಾ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು.

ಆದರೆ ಇದರ ಹಿಂದಿನ ನೋವು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅವರ ತಾಯಿ ಮತ್ತು ಅಕ್ಕ ತಿರಾನಾದಲ್ಲಿ ವಾಸವಾಗಿದ್ದರು. ಗಡಿ ಮುಚ್ಚಿದ ಮೇಲೆ ಅವರು ಹೊರಗೆ ಬರುವಂತಿಲ್ಲ, ಇವರು ಒಳಗೆ ಹೋಗುವಂತಿಲ್ಲ. ಕೋಲ್ಕತ್ತದಲ್ಲಿ ಅಷ್ಟು ಜನಕ್ಕೆ ಕೊನೆಗಾಲದಲ್ಲಿ ಆಸರೆಯಾದ ಮಗಳಿಗೆ, 1972ರಲ್ಲಿ ತೀರಿಕೊಂಡ ತಾಯಿಯ ಮುಖ ನೋಡಲಾಗಲಿಲ್ಲ. 1989ರಲ್ಲಿ ಕೊನೆಗೂ ಒಳಗೆ ಬಿಟ್ಟರು. ಆಗ ಸಮಾಧಿಗೆ ಹೂವಿಡುವುದಷ್ಟೇ ಉಳಿದಿತ್ತು.

ಅತಿಥಿ ಅಂದರೆ ದೇವರು ಅನ್ನುವ ಮಾತು ಅಲ್ಲೂ ಇದೆಯಾ?

ಇದೆ. ಉತ್ತರದ ಬೆಟ್ಟಗಳಲ್ಲಿ ನೂರಾರು ವರ್ಷ ಜನ ನಡೆದದ್ದು 'ಕಾನೂನ್' ಎಂಬ ಕಟ್ಟಳೆಯ ಪ್ರಕಾರ. ಲೆಕ ದುಕಾಜಿನಿ ಎಂಬ 15ನೇ ಶತಮಾನದ ಪಾಳೆಯಗಾರನ ಹೆಸರು ಅದಕ್ಕೆ ಅಂಟಿಕೊಂಡಿದೆ. ಮನೆ ಇರುವುದು ದೇವರಿಗೆ ಮತ್ತು ಅತಿಥಿಗೆ ಅನ್ನುತ್ತದೆ ಆ ಕಟ್ಟಳೆ. ಬಾಗಿಲಿಗೆ ಬಂದವನು ಶತ್ರುವೇ ಆದರೂ ಒಳಗೆ ಕರೆದು ಕೂರಿಸಬೇಕು. ಅವನಿಗೆ ಏನಾದರೂ ಆದರೆ ಮನೆಯವರ ಮಾನ ಹೋದ ಹಾಗೆ. ಹೀಗೆ ಕೊಟ್ಟ ಮಾತಿಗೆ 'ಬೆಸ' ಅನ್ನುತ್ತಾರೆ.

ಸುಮ್ನೆ ಹಳೇ ಕಾಲದ ಮಾತಲ್ಲ ಇದು. 1943ರಲ್ಲಿ ಜರ್ಮನ್ ಸೈನ್ಯ ಬಂದಾಗ ಯಹೂದಿಗಳ ಪಟ್ಟಿ ಕೇಳಿತು. ಅಲ್ಬೇನಿಯನ್ನರು ಕೊಡಲಿಲ್ಲ. ಹಳ್ಳಿಯವರು, ಅದರಲ್ಲೂ ಹೆಚ್ಚಾಗಿ ಮುಸ್ಲಿಮರು, ಬೇರೆ ದೇಶಗಳಿಂದ ಓಡಿ ಬಂದ ಯಹೂದಿಗಳಿಗೂ ತಮ್ಮ ಬಟ್ಟೆ ತೊಡಿಸಿ, ತಮ್ಮ ಹೆಸರಿಟ್ಟು, ನೆಂಟರೆಂದು ಹೇಳಿ ಮನೆಯಲ್ಲಿ ಇಟ್ಟುಕೊಂಡರು. ಹಾಗಾಗಿ ಯುದ್ಧ ಮುಗಿದಾಗ ಅಲ್ಲಿ ಯಹೂದಿಗಳ ಸಂಖ್ಯೆ ಮೊದಲಿಗಿಂತ ಹೆಚ್ಚಾಗಿತ್ತು. ಹಿಟ್ಲರನ ಹಿಡಿತಕ್ಕೆ ಸಿಕ್ಕ ಯುರೋಪಿನಲ್ಲಿ ಇಂಥ ದೇಶ ಬಹಳ ಅಪರೂಪ. ಬೆರಾತ್ ಊರಿನಲ್ಲಿ ಇದರ ಕಥೆ ಹೇಳುವ ಸೊಲೊಮನ್ ಮ್ಯೂಸಿಯಂ ಇದೆ. ಸಣ್ಣದೇ, ಆದರೂ ಬಿಡಬೇಡಿ.

ಅದೇ ಕಟ್ಟಳೆಗೆ ಇನ್ನೊಂದು ಮುಖವೂ ಇದೆ. ಕೊಲೆಗೆ ಕೊಲೆಯೇ ಉತ್ತರ. ಸೇಡು ತಲೆಮಾರುಗಳವರೆಗೆ ನಡೆಯುತ್ತಿತ್ತು. ಸೇಡಿಗೆ ಹೆದರಿದ ಗಂಡಸರು ಅಡಗಿ ಕೂರುತ್ತಿದ್ದ ಕಲ್ಲಿನ ಗೋಪುರ ಥೆತ್ ಹಳ್ಳಿಯಲ್ಲಿ ಇನ್ನೂ ಇದೆ. ಕಮ್ಯುನಿಸ್ಟ್ ಸರ್ಕಾರ ಇದನ್ನು ಬಲವಂತವಾಗಿ ಅಡಗಿಸಿತ್ತು, 1990ರ ನಂತರ ಕೆಲವು ಕಡೆ ಮತ್ತೆ ತಲೆ ಎತ್ತಿತು. ಈಗ ಬಹಳ ಕಡಿಮೆ. ಹೆಣ್ಣುಮಕ್ಕಳಿಗಂತೂ ಆ ಕಟ್ಟಳೆ ಕಠೋರವಾಗಿತ್ತು. ಆಸ್ತಿಯಲ್ಲಿ ಪಾಲಿಲ್ಲ, ಮದುವೆಯಲ್ಲಿ ಮಾತಿಲ್ಲ. ಕೆಲವು ಹೆಣ್ಣುಮಕ್ಕಳು ಜನ್ಮವಿಡೀ ಮದುವೆಯಾಗುವುದಿಲ್ಲ ಎಂದು ಆಣೆ ಮಾಡಿ, ಗಂಡಸರ ಬಟ್ಟೆ ತೊಟ್ಟು, ಮನೆಯ ಯಜಮಾನಿಕೆ ವಹಿಸಿಕೊಳ್ಳುತ್ತಿದ್ದರು. ಅಂಥವರಲ್ಲಿ ಬೆರಳೆಣಿಕೆಯಷ್ಟು ಜನ ಮಾತ್ರ ಇಂದು ಉಳಿದಿದ್ದಾರೆ. ಅತಿಥಿ ಸತ್ಕಾರವನ್ನು ಹೊಗಳುವಾಗ ಇದನ್ನೂ ಹೇಳಬೇಕು ಅಲ್ವಾ?

ನಮ್ಮ ಕಥೆಗಳ ಹಾಗೆ ಅನಿಸುವ ಕಥೆ ಯಾವುದಾದರೂ ಇದೆಯಾ?

ಶ್ಕೋಡರ್ ಊರಿನ ರೊಜಾಫಾ ಕೋಟೆಯ ಕಥೆ ಕೇಳಿದಾಗ ನನಗೆ ಮೈ ಝುಮ್ಮೆಂದಿತು. ಮೂವರು ಅಣ್ಣತಮ್ಮಂದಿರು ಕೋಟೆ ಕಟ್ಟುತ್ತಾರೆ. ಹಗಲು ಕಟ್ಟಿದ ಗೋಡೆ ರಾತ್ರಿ ಬೀಳುತ್ತದೆ. ನಾಳೆ ಬುತ್ತಿ ತರುವ ಹೆಂಡತಿಯನ್ನು ಗೋಡೆಯೊಳಗೆ ಕಟ್ಟಿಬಿಡಿ, ಆಗ ನಿಲ್ಲುತ್ತದೆ ಅನ್ನುತ್ತಾನೆ ಒಬ್ಬ ಮುದುಕ. ಮನೆಯಲ್ಲಿ ಯಾರೂ ಬಾಯಿ ಬಿಡಬಾರದು ಎಂದು ಮೂವರೂ ಬೆಸ ಕೊಡುತ್ತಾರೆ. ದೊಡ್ಡವರಿಬ್ಬರು ಮಾತು ಮುರಿದು ಹೆಂಡತಿಯರಿಗೆ ಹೇಳಿಬಿಡುತ್ತಾರೆ. ಕಿರಿಯವನು ಮಾತು ಉಳಿಸಿಕೊಳ್ಳುತ್ತಾನೆ. ಅವನ ಹೆಂಡತಿ ರೊಜಾಫಾ ಬುತ್ತಿ ಹೊತ್ತು ಬರುತ್ತಾಳೆ. ವಿಷಯ ತಿಳಿದಾಗ ಅವಳು ಕೇಳುವುದು ಒಂದೇ: ಬಲಗಣ್ಣು, ಬಲಗೈ, ಬಲಗಾಲು, ಬಲಮೊಲೆ ಹೊರಗಿರಲಿ. ಮಗುವನ್ನು ನೋಡಬೇಕು, ಸವರಬೇಕು, ತೊಟ್ಟಿಲು ತೂಗಬೇಕು, ಹಾಲೂಡಿಸಬೇಕು.

ಕೆರೆಗೆ ಹಾರವಾದ ಕಿರಿಸೊಸೆ ಭಾಗೀರಥಿಯ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕೋಟೆ, ಇಲ್ಲಿ ಕೆರೆ. ಎರಡು ಕಡೆಯೂ ಬಲಿ ಹೋದವಳು ಮನೆಯ ಕಿರಿಸೊಸೆ. ಕೋಟೆಯ ಬಾಗಿಲ ಬಳಿ ಸುಣ್ಣ ಬೆರೆತ ನೀರು ಬೆಳ್ಳಗೆ ಜಿನುಗುತ್ತದೆ. ಎದೆಹಾಲು ಹೆಚ್ಚಲಿ ಎಂದು ಬಾಣಂತಿಯರು ಅದನ್ನು ಹಚ್ಚಿಕೊಳ್ಳುತ್ತಿದ್ದರು.

ಇನ್ನೊಂದು ಹೋಲಿಕೆ: ಅಲ್ಲೂ ಕಟ್ಟುತ್ತಿರುವ ಮನೆಗೆ ದೃಷ್ಟಿ ಗೊಂಬೆ ನೇತುಹಾಕುತ್ತಾರೆ.

ಎಲ್ಲೆಡೆ ಕಾಣುವ ಆ ಕುದುರೆ ಸವಾರನ ಪ್ರತಿಮೆ ಯಾರದು?

ಸ್ಕಂದರ್‌ಬೆಗ್, ನಿಜ ಹೆಸರು ಜೆರ್ಜ್ ಕಾಸ್ತ್ರಿಯೋತಿ. ಒಟ್ಟೋಮನ್ ಸುಲ್ತಾನನ ಸೇನೆಯಲ್ಲಿ ಬೆಳೆದು, 1443ರಲ್ಲಿ ಅದನ್ನು ಬಿಟ್ಟು ತನ್ನೂರು ಕ್ರುಯಾಕ್ಕೆ ಬಂದು ಬಾವುಟ ಹಾರಿಸಿದ. 1468ರಲ್ಲಿ ಸಾಯುವವರೆಗೆ 25 ವರ್ಷ ಸುಲ್ತಾನರನ್ನು ತಡೆದು ನಿಲ್ಲಿಸಿದ. ಅವನು ಹೋದ ಮೇಲೆ ದೇಶ ಒಟ್ಟೋಮನ್ನರ ಕೈಗೆ ಹೋಯಿತು. ಸ್ವಾತಂತ್ರ್ಯ ಸಿಕ್ಕಿದ್ದು 1912ರ ನವೆಂಬರ್ 28ರಂದು, ವ್ಲೋರಾ ಊರಿನಲ್ಲಿ. ಇಸ್ಮಾಯಿಲ್ ಕೆಮಾಲಿ ಅಂದು ಹಾರಿಸಿದ್ದೂ ಅದೇ ಕೆಂಪು ಬಟ್ಟೆಯ ಮೇಲಿನ ಎರಡು ತಲೆಯ ಕಪ್ಪು ಹದ್ದು. ಸ್ಕಂದರ್‌ಬೆಗ್ ಕ್ರುಯಾದಲ್ಲಿ ಬಾವುಟ ಏರಿಸಿದ್ದೂ ನವೆಂಬರ್ 28ರಂದೇ ಅನ್ನುತ್ತಾರೆ. ಅವತ್ತು ಅಲ್ಲಿದ್ದರೆ ಊರೆಲ್ಲ ಕೆಂಪು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಬೆಳಿಗ್ಗೆ ಬ್ಯುರೆಕ್ ತಿನ್ನಿ. ತೆಳುವಾದ ಹಿಟ್ಟಿನ ಪದರಗಳ ನಡುವೆ ಪಾಲಕ್, ಚೀಸ್ ಅಥವಾ ಕುಂಬಳಕಾಯಿ ಇಟ್ಟು ಬೇಯಿಸುತ್ತಾರೆ. ಬೀದಿ ಬದಿಯ ಅಂಗಡಿಯಲ್ಲಿ ಬಿಸಿಬಿಸಿ ಸಿಗುವುದೇ ರುಚಿ. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಕೊಡುತ್ತಾರೆ. ಅದನ್ನು ಕುಡಿದಾಗ ಮನೆ ನೆನಪಾಗದ ಕನ್ನಡಿಗರು ಇರಲಿಕ್ಕಿಲ್ಲ. ಬಿಳಿ ಬೀನ್ಸ್ ಕಾಳಿನ ಸಾರು, ಅನ್ನ ತುಂಬಿದ ದೊಣ್ಣೆಮೆಣಸಿನಕಾಯಿ, ಮೊಸರು ಸೌತೆಕಾಯಿಯ ತರಾತೋರ್, ದೊಣ್ಣೆಮೆಣಸಿನಕಾಯಿ, ಟೊಮೆಟೊ, ಚೀಸ್ ಸೇರಿಸಿ ಮಾಡುವ ತಿರಾನಾದ ಫರ್ಗೆಸ ಇವೆಲ್ಲ ಇವೆ.

ಎರಡು ಎಚ್ಚರಿಕೆ. ಅನ್ನವನ್ನು ಎಷ್ಟೋ ಕಡೆ ಮಾಂಸದ ಸಾರಿನಲ್ಲೇ ಬೇಯಿಸುತ್ತಾರೆ. ಫರ್ಗೆಸ, ಬೀನ್ಸ್ ಸಾರಿಗೂ ಕೆಲವರು ಮಾಂಸ ಹಾಕುತ್ತಾರೆ. 'ಪಾ ಮಿಶ್' ಅಂತ ಕೇಳಿ, ಮಾಂಸ ಬೇಡ ಅಂತ ಅರ್ಥವಾಗುತ್ತದೆ. ಮಾಂಸ ತಿನ್ನುವವರು ಎಲ್ಬಾಸಾನ್ ಕಡೆಯ ತಾವ ಕೋಸಿ ಬಿಡಬೇಡಿ. ಕುರಿಮಾಂಸವನ್ನು ಮೊಸರಿನಲ್ಲಿ ಒಲೆಯಲ್ಲಿಟ್ಟು ಬೇಯಿಸಿದ್ದು. ಖಾರ ಮಾತ್ರ ಎಲ್ಲೂ ಇಲ್ಲ. ಉಪ್ಪಿನಕಾಯಿ ಜೊತೆಗಿರಲಿ.

ಜನ ಇಡೀ ದಿನ ಕಾಫಿ ಅಂಗಡಿಯಲ್ಲೇ ಇರುತ್ತಾರಂತೆ?

ಹೊರಗಿಂದ ನೋಡಿದವರಿಗೆ ಹಾಗೆ ಕಾಣುತ್ತದೆ. ವ್ಯಾಪಾರ, ಜಗಳ, ಮದುವೆ ಮಾತುಕತೆ, ಕೆಲಸದ ಸಂದರ್ಶನ ಎಲ್ಲ ನಡೆಯುವುದು ಅಲ್ಲೇ. ಒಂದು ಪುಟ್ಟ ಮಕಿಯಾತೊ ಹಿಡಿದು ಎರಡು ಗಂಟೆ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಕರೆದವರೇ ದುಡ್ಡು ಕೊಡುತ್ತಾರೆ. ನೀವು ಕೊಡಲು ಹೋದರೆ ಕೈ ಹಿಡಿದು ತಡೆಯುತ್ತಾರೆ.

ತಿರಾನಾದ 'ಬ್ಲೋಕು' ಬಡಾವಣೆಯಲ್ಲಿ ಹಿಂದೆ ಪಕ್ಷದ ನಾಯಕರು ಮಾತ್ರ ಇದ್ದರು, ಸಾಮಾನ್ಯರು ಕಾಲಿಡುವಂತಿರಲಿಲ್ಲ. ಇವತ್ತು ಅಲ್ಲಿ ಬೀದಿ ತುಂಬ ಕಾಫಿ ಅಂಗಡಿಗಳು. ಆ ಬೀದಿಗಳಲ್ಲಿ ಹುಡುಗ ಹುಡುಗಿಯರು ನಗುತ್ತಾ ಕೂತಿರುವುದನ್ನು ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ.

ಸಂಜೆಯಾದರೆ ಊರಿಗೆ ಊರೇ ವಾಕಿಂಗ್ ಹೊರಡುತ್ತದೆ. ಬೆರಾತ್‌ನಲ್ಲಿ ಹೊಳೆಯ ಪಕ್ಕದ ರಸ್ತೆಯಲ್ಲಿ, ಶ್ಕೋಡರ್‌ನಲ್ಲಿ ವಾಹನ ಬಿಡದ ಪೇಟೆ ಬೀದಿಯಲ್ಲಿ. ಒಳ್ಳೆ ಬಟ್ಟೆ ಹಾಕಿಕೊಂಡು ನೀವೂ ಸೇರಿಕೊಳ್ಳಿ.

ಯುವಕರೆಲ್ಲ ದೇಶ ಬಿಟ್ಟು ಹೋಗುತ್ತಿದ್ದಾರೆ ಅನ್ನುವುದು ನಿಜವೇ?

ಇದು ನನಗೆ ತುಂಬ ಬೇಸರ ತರುವ ವಿಷಯ. 1989ರ ಜನಗಣತಿಯಲ್ಲಿ ಸುಮಾರು 32 ಲಕ್ಷ ಜನ ಇದ್ದರು. 2023ರಲ್ಲಿ ಸುಮಾರು 24 ಲಕ್ಷ.

ಗಡಿ ತೆರೆದ ಕೂಡಲೇ ಹೊರಟರು. 1991ರ ಆಗಸ್ಟ್‌ನಲ್ಲಿ 'ವ್ಲೋರಾ' ಅನ್ನುವ ಒಂದೇ ಹಡಗಿನಲ್ಲಿ ಸುಮಾರು 20,000 ಜನ ಹತ್ತಿ ಇಟಲಿಯ ಬಾರಿ ಬಂದರಿಗೆ ಹೋದರು. ಹಗ್ಗದ ಮೇಲೆಲ್ಲ ಜನ ಜೋತಾಡುವ ಆ ಫೋಟೋ ನೀವು ನೋಡಿರಬಹುದು. ಅವರಲ್ಲಿ ಬಹುತೇಕರನ್ನು ಇಟಲಿ ವಾಪಸ್ ಕಳಿಸಿತು. ಆಮೇಲೆ ದುಡ್ಡು ದುಪ್ಪಟ್ಟು ಮಾಡಿಕೊಡುತ್ತೇವೆ ಎಂದು ಕೆಲವು ಕಂಪನಿಗಳು ಹುಟ್ಟಿಕೊಂಡವು. ಮಾರುಕಟ್ಟೆ ಅಂದರೇನು ಎಂದೇ ನೋಡಿರದ ಜನ ಮನೆ, ದನ ಮಾರಿ ದುಡ್ಡು ಹಾಕಿದರು. 1997ರಲ್ಲಿ ಎಲ್ಲವೂ ಮುಳುಗಿತು. ಜನ ರೊಚ್ಚಿಗೆದ್ದು ಸೇನೆಯ ಗೋದಾಮುಗಳಿಂದ ಬಂದೂಕು ಎತ್ತಿಕೊಂಡರು. ಸುಮಾರು 2,000 ಜನ ಸತ್ತರು. ಆಮೇಲೆ ಹೊರಟವರು ಇನ್ನೂ ಹೆಚ್ಚು.

ದಕ್ಷಿಣದ ಹಳ್ಳಿಗಳಲ್ಲಿ ಬೀಗ ಹಾಕಿದ ಮನೆಗಳ ಸಾಲು ಕಾಣುತ್ತದೆ. ಒಳ್ಳೆಯ ಕಲ್ಲಿನ ಮನೆಗಳು. ಆಗಸ್ಟ್ ಬಂದರೆ ಇಟಲಿ, ಗ್ರೀಸ್, ಜರ್ಮನಿ ನಂಬರ್ ಪ್ಲೇಟಿನ ಕಾರುಗಳು ತುಂಬುತ್ತವೆ. ಸೆಪ್ಟೆಂಬರ್‌ನಲ್ಲಿ ಮತ್ತೆ ಅಜ್ಜಿ ತಾತ ಇಬ್ಬರೇ.

ತಲೆ ಅಲ್ಲಾಡಿಸುವುದು ಉಲ್ಟಾ ಅಂತೆ?

ಹೌದು. ತಲೆಯನ್ನು ಆಚೀಚೆ ಆಡಿಸಿದರೆ ಒಪ್ಪಿಗೆ, ಮೇಲಕ್ಕೆ ಎತ್ತಿದರೆ ಇಲ್ಲ. ನಮ್ಮ ತಲೆದೂಗುವಿಕೆಗೆ ಅಭ್ಯಾಸವಾದವರಿಗೆ ಬೇಗ ಹೊಂದುತ್ತದೆ. ಯುವಕರು ಎರಡೂ ರೀತಿ ಮಾಡುತ್ತಾರೆ, ಹಾಗಾಗಿ ಬಾಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ಖರ್ಚು ಎಷ್ಟಾಗಬಹುದು?

ಅಲ್ಲಿನ ದುಡ್ಡಿನ ಹೆಸರು ಲೆಕ್. ಒಂದು ಲೆಕ್ ಹೆಚ್ಚುಕಡಿಮೆ ಒಂದು ರೂಪಾಯಿ. ಲೆಕ್ಕ ಸುಲಭ. ಆದರೆ ಒಂದು ವಿಷಯ ಗಮನದಲ್ಲಿರಲಿ. 1965ರಲ್ಲಿ ನೋಟಿನಿಂದ ಒಂದು ಸೊನ್ನೆ ತೆಗೆದರು. ಇಷ್ಟು ವರ್ಷ ಆದರೂ ಜನ ಹಳೇ ಲೆಕ್ಕದಲ್ಲೇ ಬೆಲೆ ಹೇಳುತ್ತಾರೆ. ತರಕಾರಿಯವರು 2,000 ಅಂದರೆ ಕೊಡಬೇಕಾದ್ದು 200. ಅದು ಮೋಸ ಅಲ್ಲ, ಬಾಯಿರೂಢಿ. ಬೇಸಿಗೆಯಲ್ಲಿ ಸಮುದ್ರ ತೀರ, ಅದರಲ್ಲೂ ಕ್ಸಮಿಲ್ ಕಡೆ, ಈಗ ಸಾಕಷ್ಟು ದುಬಾರಿ.

ವೀಸಾ ಹೇಗೆ? ಹೋಗುವುದು ಹೇಗೆ?

ಭಾರತೀಯರಿಗೆ ವೀಸಾ ಬೇಕು, ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಒಮ್ಮೆ ಬಳಸಿದ, ಅವಧಿ ಮುಗಿಯದ, ಹಲವು ಸಲ ಪ್ರವೇಶ ಕೊಡುವ ಶೆಂಗೆನ್, ಅಮೆರಿಕ ಅಥವಾ ಬ್ರಿಟನ್ ವೀಸಾ ಇದ್ದವರಿಗೆ ವಿನಾಯಿತಿ ಇದೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡಿಸುವ ಮೊದಲು ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ನೇರ ವಿಮಾನ ಇಲ್ಲ, ಇಸ್ತಾನ್‌ಬುಲ್ ಮೂಲಕ ಹೋಗುವುದು ಸುಲಭ. ದೇಶದೊಳಗೆ ರೈಲನ್ನು ನಂಬಬೇಡಿ. ಬಸ್ಸು, ಫುರ್ಗೋನ್ ಅನ್ನುವ ವ್ಯಾನುಗಳೇ ಗತಿ.

ಒಂಟಿ ಹೆಂಗಸು ಓಡಾಡಬಹುದೇ?

ನಾನು ಓಡಾಡಿದ್ದೇನೆ. ಭಯವಾಗಲಿಲ್ಲ. 'ಒಬ್ಬಳೇ ಬಂದಿದ್ದೀಯಾ, ಮನೆಯವರು ಎಲ್ಲಿ' ಅನ್ನುವ ಪ್ರಶ್ನೆ ಮಾತ್ರ ದಿನಕ್ಕೆ ಹಲವು ಸಲ ಎದುರಾಗುತ್ತದೆ. ಅದು ಕಾಳಜಿಯ ಪ್ರಶ್ನೆ. ರಸ್ತೆ ದಾಟುವಾಗ ಎಚ್ಚರ ಇರಲಿ, ಡ್ರೈವಿಂಗ್ ಬಿರುಸು.

ಯಾವ ಯಾವ ಊರು ನೋಡಬೇಕು?

ಬೆರಾತ್ ಮತ್ತು ಜಿರೋಕಾಸ್ತರ್ ಎರಡೂ ಯುನೆಸ್ಕೋ ಪಟ್ಟಿಯಲ್ಲಿವೆ. ಬೆರಾತ್‌ನ ಕೋಟೆಯೊಳಗೆ ಜನ ಈಗಲೂ ವಾಸ ಮಾಡುತ್ತಾರೆ. ಜಿರೋಕಾಸ್ತರ್ ಪೂರ್ತಿ ಕಲ್ಲಿನ ಊರು, ಮನೆಯ ಚಾವಣಿಯೂ ಕಲ್ಲಿನದೇ. ಹೋಜಾ ಹುಟ್ಟಿದ್ದೂ ಕಾದಂಬರಿಕಾರ ಇಸ್ಮಾಯಿಲ್ ಕದಾರೆ ಹುಟ್ಟಿದ್ದೂ ಅಲ್ಲೇ. ಬುತ್ರಿಂತ್‌ನಲ್ಲಿ ಗ್ರೀಕರು, ರೋಮನ್ನರು, ವೆನಿಸ್‌ನವರು ಕಟ್ಟಿದ್ದು ಒಂದರ ಪಕ್ಕ ಒಂದಿವೆ. ಉತ್ತರದಲ್ಲಿ ಕೋಮಾನ್ ಜಲಾಶಯದ ದೋಣಿ ಹಿಡಿದು, ವಾಲ್ಬೊನಾದಿಂದ ಥೆತ್‌ಗೆ ಬೆಟ್ಟ ದಾಟಿ ನಡೆಯಿರಿ. ಒಂದು ದಿನದ ನಡಿಗೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಆಗ ಆ ದಾರಿಗೆ ಹೋಗಬೇಡಿ. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳು.

ವ್ಯೋಸಾ ನದಿಗೂ ಒಂದು ದಿನ ಇಡಿ. ಅಣೆಕಟ್ಟು ಕಟ್ಟದೆ ಉಳಿಸಿ ಎಂದು ಜನ ವರ್ಷಗಟ್ಟಲೆ ಹೋರಾಡಿದರು. 2023ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವಾಗಿ ಘೋಷಿಸಿದರು. ಅದೇ ವರ್ಷ ಒಂದು ಕೋಟಿಗೂ ಹೆಚ್ಚು ವಿದೇಶಿಯರು ಆ ಪುಟ್ಟ ದೇಶಕ್ಕೆ ಬಂದರು. ಕಡಲ ತೀರದಲ್ಲಿ ಹೋಟೆಲ್‌ಗಳು ಏಳುತ್ತಿರುವ ವೇಗ ನೋಡಿದರೆ ನನಗೆ ಆತಂಕವಾಗುತ್ತದೆ. ಒಳನಾಡಿನ ಹಳ್ಳಿಮನೆಗಳಲ್ಲಿ ಉಳಿದುಕೊಳ್ಳಿ. ನಿಮ್ಮ ದುಡ್ಡು ಅಲ್ಲಿನ ಮನೆಗಳಿಗೇ ಸೇರಲಿ.

ಯಾರಾದರೂ ಮನೆಗೆ ಕರೆದರೆ?

ಹೋಗಿ. ಚಪ್ಪಲಿ ಬಾಗಿಲಲ್ಲೇ ಬಿಡಿ. ಸಿಹಿ ತಿಂಡಿ ಅಥವಾ ಕಾಫಿ ಪುಡಿ ತೆಗೆದುಕೊಂಡು ಹೋಗಿ. ಇಲ್ಲಿಂದ ಮೈಸೂರುಪಾಕ್ ಒಯ್ದರೆ ಇನ್ನೂ ಒಳ್ಳೆಯದು. ಮೊದಲು ಏನಾದರೂ ಸಿಹಿ ಕೊಡುತ್ತಾರೆ, ಆಮೇಲೆ ಕಾಫಿ, ಪುಟ್ಟ ಲೋಟದಲ್ಲಿ ರಾಕಿ. ಮದ್ಯ ಕುಡಿಯದಿದ್ದರೆ ಎದೆಯ ಮೇಲೆ ಕೈಯಿಟ್ಟು ಬೇಡ ಅನ್ನಿ, ಬೇಸರ ಮಾಡಿಕೊಳ್ಳುವುದಿಲ್ಲ. ಹೊರಡುವಾಗ ದುಡ್ಡು ಕೊಡಲು ಹೋಗಬೇಡಿ. ಮನೆಯವರಿಗೆ ಅದು ಅವಮಾನ. ಅವರ ಫೋಟೋ ತೆಗೆದಿದ್ದರೆ, ಊರಿಗೆ ಬಂದ ಮೇಲೆ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿ. ಮಕ್ಕಳು ದೂರ ಇರುವ ಮನೆಗಳಲ್ಲಿ ಅದನ್ನು ಗೋಡೆಗೆ ಹಾಕುತ್ತಾರೆ.